ಊರಿನ ವೋಟು ಬಿಟ್ಟು ಬೆಂಗಳೂರಿಗೆ ಬದಲಾಯಿಸಿಕೊಳ್ಳೋದಾ? ಅದೂ ಒಬ್ಬ ಕಾರ್ಪೊರೇಟರ್‌ಗೋಸ್ಕರ?

ಬಾಡಿಗೆ_ಮನೆಯವ:

ಎಲ್ಲರಿಗೂ ನಮಸ್ಕಾರ. ನನ್ನ ವೋಟು ಇನ್ನೂ ಊರಲ್ಲೇ ಇದೆ, ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಬೆಂಗಳೂರಿಗೆ ಬಂದು ವರ್ಷಗಳಾದವು. ಗ್ಯಾಸ್ ಇಲ್ಲಿ, ಆಧಾರ್ ಇಲ್ಲಿ, ಮಗಳ ಶಾಲೆ ಇಲ್ಲಿ, ವೋಟು ಮಾತ್ರ ಅಲ್ಲಿ. ಪಂಚಾಯ್ತಿ ಚುನಾವಣೆ ಬಂದರೆ ಅಪ್ಪ ಫೋನ್ ಮಾಡಿ "ಬಸ್ ಹತ್ತು" ಅಂತಾರೆ, ಅಷ್ಟೇ, ಯಾರಿಗೆ ಹಾಕಬೇಕು ಅಂತ ಕೂಡ ಹೇಳಲ್ಲ, ಅದು ನನಗೆ ಗೊತ್ತಿರುತ್ತೆ ಅಂತ ಅವರಿಗೂ ಗೊತ್ತು. 2020ರ ಡಿಸೆಂಬರ್‌ನಲ್ಲಿ ಕೊರೊನಾ ಮಧ್ಯೆಯೂ ಮಾಸ್ಕ್ ಹಾಕಿಕೊಂಡು ಹೋಗಿ ಹಾಕಿ ಬಂದಿದ್ದೆ.

ಈಗ ಬೆಂಗಳೂರಿನ ಪಾಲಿಕೆ ಚುನಾವಣೆ ಮಾತು ಮತ್ತೆ ಶುರುವಾಗಿದೆ. ಇಲ್ಲಿಗೆ ವೋಟು ಹಾಕಿಸಿಕೋ ಅಂತ ಹೆಂಡತಿ ಹಟ ಹಿಡಿದಿದ್ದಾಳೆ. ನನಗೆ ಅನ್ನಿಸೋದು ಇಷ್ಟು. 2020ರ ಸೆಪ್ಟೆಂಬರ್‌ನಿಂದ ಈ ಊರಿಗೆ ಕಾರ್ಪೊರೇಟರ್ರೇ ಇಲ್ಲ. ಹಾಗಂತ ಏನು ನಿಂತುಹೋಯ್ತು? ಕಸದ ಗಾಡಿ ಬರುತ್ತೆ, ಬೀದಿ ದೀಪ ಉರಿಯುತ್ತೆ (ಕೆಲವು). ಹಾಗಿದ್ದಮೇಲೆ ಇವರು ಬಂದು ಮಾಡೋದೇನು? ನಿಜವಾಗಿ ಕೇಳ್ತಿದ್ದೀನಿ, ಕುಹಕ ಅಲ್ಲ. ಊರಲ್ಲಾದರೆ ನನ್ನ ವೋಟಿಗೆ ಬೆಲೆ ಇದೆ, ಐದಾರು ವೋಟಲ್ಲಿ ಸೋತವರನ್ನು ನೋಡಿದ್ದೀನಿ.

ಇನ್ನೊಂದು, ಎರಡೂ ಕಡೆ ಇಟ್ಟುಕೊಳ್ಳೋಕೆ ಆಗುತ್ತಾ? ನಮ್ಮ ಆಫೀಸಲ್ಲಿ ಇಬ್ಬರು ಇಟ್ಟುಕೊಂಡಿದ್ದಾರೆ.

ಹಳೇ_ಬೂತ್_ಏಜೆಂಟ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಗಲ್ಲ. ಒಬ್ಬರ ಹೆಸರು ಒಂದೇ ಕ್ಷೇತ್ರದ ಪಟ್ಟಿಯಲ್ಲಿ ಇರಬೇಕು. ಬೇರೆಲ್ಲೂ ಹೆಸರಿಲ್ಲ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಕಾನೂನಲ್ಲಿ ಅವಕಾಶ ಇದೆ. ನಿಮ್ಮ ಆಫೀಸಿನ ಆ ಇಬ್ಬರನ್ನು ಯಾರೂ ಹಿಡಿಯದೇ ಇರಬಹುದು, ಅದು ಬೇರೆ ಮಾತು. ಇನ್ನೊಂದು ವಿಷಯ ತಿಳ್ಕೊಳ್ಳಿ, ಪಂಚಾಯ್ತಿ ಪಟ್ಟಿ, ವಾರ್ಡ್ ಪಟ್ಟಿ ಎರಡೂ ವಿಧಾನಸಭೆಯ ಪಟ್ಟಿಯಿಂದಲೇ ತಯಾರಾಗೋದು. ಹೆಸರು ಇಲ್ಲಿಗೆ ಬಂದರೆ ಊರಿನ ಪಂಚಾಯ್ತಿ ವೋಟಿಗೆ ಎಳ್ಳುನೀರು ಬಿಟ್ಟ ಹಾಗೆ. ಅಪ್ಪನ ಹತ್ತಿರ ಮೊದಲೇ ಹೇಳಿಬಿಡಿ.

ಈಗ ವೋಟಿನ ಬೆಲೆ. ನಾನು 2010ರಲ್ಲೂ 2015ರಲ್ಲೂ ಒಂದು ಪಾರ್ಟಿ ಪರವಾಗಿ ಬೂತ್‌ನಲ್ಲಿ ಕೂತವನು. ಯಾವ ಪಾರ್ಟಿ ಅಂತ ಕೇಳಬೇಡಿ, ಈಗ ಅದರಲ್ಲಿಲ್ಲ. 2015ರ ಆಗಸ್ಟ್ 22, ಶನಿವಾರ. ಮತದಾನ ಶೇಕಡಾ 50 ಮುಟ್ಟಲಿಲ್ಲ. ನಮ್ಮ ಬೂತ್‌ನಲ್ಲಿ ಬೆಳಗ್ಗೆ ಏಳಕ್ಕೆ ಕ್ಯೂ ನಿಂತವರು ಯಾರು ಗೊತ್ತಾ? ಹಿಂದಿನ ಗಲ್ಲಿಯ ಗಾರೆ ಕೆಲಸದವರು, ಹೂ ಕಟ್ಟೋ ಹೆಂಗಸರು, ಪಿಂಚಣಿ ಬರೋ ಅಜ್ಜಂದಿರು. ಮೇನ್ ರೋಡಿನ ಅಪಾರ್ಟ್‌ಮೆಂಟಿನ ಹೆಸರುಗಳೆಲ್ಲ ಒಂದೇ ಪುಟದಲ್ಲಿ ಸಾಲಾಗಿ ಇದ್ದವು. ಬಂದವರ ಹೆಸರಿನ ಮೇಲೆ ಸ್ಕೇಲ್ ಇಟ್ಟು ಪೆನ್ನಲ್ಲಿ ಗೆರೆ ಎಳೀತೀವಲ್ಲ, ಸಂಜೆ ಐದಕ್ಕೆ ನೋಡಿದರೆ ಆ ಪುಟ ಹೆಚ್ಚುಕಡಿಮೆ ಹಾಗೇ ಬೆಳ್ಳಗಿತ್ತು. ಅಭ್ಯರ್ಥಿ ಆ ಪಟ್ಟಿ ಮನೆಗೆ ತಗೊಂಡು ಹೋಗ್ತಾನೆ ಸ್ವಾಮಿ. ಗೆದ್ದ ಮೇಲೆ ಯಾವ ರಸ್ತೆಗೆ ಮೊದಲು ಡಾಂಬರು, ಯಾವ ರಸ್ತೆ ಆಮೇಲೆ ಅನ್ನೋದು ಆ ಪುಟಗಳಲ್ಲೇ ಇರುತ್ತೆ.

ಈ ಸಲ ವಾರ್ಡ್ ಇನ್ನೂ ಚಿಕ್ಕದು. ಹಳೇ ಬಿಬಿಎಂಪಿಯಲ್ಲಿ, ಅಂದರೆ ಮೊದಲು ಇಡೀ ಬೆಂಗಳೂರಿಗೆ ಇದ್ದ ಒಂದೇ ಪಾಲಿಕೆಯಲ್ಲಿ, 198 ವಾರ್ಡ್, 2011ರ ಜನಗಣತಿ ಪ್ರಕಾರ 84 ಲಕ್ಷ ಜನ, ಅಂದರೆ ವಾರ್ಡಿಗೆ ಹತ್ತಿರ ಹತ್ತಿರ 42 ಸಾವಿರ. ಈಗ ಗ್ರೇಟರ್ ಬೆಂಗಳೂರು ಬಂದಮೇಲೆ ಐದು ಪಾಲಿಕೆ, ಒಟ್ಟು 369 ವಾರ್ಡ್. ಅದೇ ಜನಗಣತಿ ಇಟ್ಟುಕೊಂಡರೆ ವಾರ್ಡಿಗೆ 23 ಸಾವಿರದ ಆಸುಪಾಸು. ಅದರಲ್ಲಿ ಮಕ್ಕಳನ್ನು ಬಿಡಿ, ಪಟ್ಟಿಯಲ್ಲಿ ಇಲ್ಲದವರನ್ನು ಬಿಡಿ, ಬಂದು ಹಾಕೋರು ಅರ್ಧ ಅಂದುಕೊಳ್ಳಿ, ಅದನ್ನು ನಾಲ್ಕೈದು ಅಭ್ಯರ್ಥಿಗಳು ಹಂಚಿಕೊಂಡರೆ ಗೆಲ್ಲೋಕೆ ಎಷ್ಟು ಬೇಕಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಊರಿನಷ್ಟು ಅಲ್ಲದಿದ್ದರೂ ಒಂದು ರಸ್ತೆಯವರು ಒಟ್ಟಾಗಿ ಹೋದರೆ ಫಲಿತಾಂಶ ಅಲ್ಲಾಡುತ್ತದೆ.

ಸುಮ್ನೆ_ಹೇಳ್ದೆ:

ಅಣ್ಣ, ಲೆಕ್ಕ ಸರಿ ಇದೆ. ಗೆದ್ದವನ ಕೈಯಲ್ಲಿ ಏನಿದೆ ಅನ್ನೋದನ್ನೂ ಹೇಳಿ ಮತ್ತೆ.

ಕುಡಿಯೋ ನೀರು, ಒಳಚರಂಡಿ ಜಲಮಂಡಳಿದು. ಕರೆಂಟು ಬೆಸ್ಕಾಂದು. ಬಸ್ಸು ಬಿಎಂಟಿಸಿದು. ಮೆಟ್ರೋ, ಬಿಡಿಎ, ಪೊಲೀಸು, ಇವರ ಯಾರ ಮೇಲೂ ಕಾರ್ಪೊರೇಟರ್‌ಗೆ ಹಿಡಿತ ಇಲ್ಲ. ಕಸಕ್ಕೂ ಒಂದು ಕಂಪನಿ ಮಾಡಿದ್ದಾಗಿದೆ. ಇದೆಲ್ಲದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ. ಊರು ಬೆಂಗಳೂರು, ಯಜಮಾನಿಕೆ ವಿಧಾನಸೌಧದ್ದು. ಉಳಿದಿದ್ದು ಏನಪ್ಪಾ ಅಂದರೆ ಮೋರಿ, ಫುಟ್‌ಪಾತು, ಪಾರ್ಕಿನ ಬೆಂಚು, ಗಲ್ಲಿಯ ಗುಂಡಿ. ಅದಕ್ಕೆ ಗುದ್ದಲಿ ಪೂಜೆ, ಫ್ಲೆಕ್ಸು.

2015ರ ಕಥೆ ನೆನಪಿದೆಯಾ? 198ರಲ್ಲಿ ಬಿಜೆಪಿ 100 ಗೆದ್ದಿತು. ಮೇಯರ್ ಆಗಿದ್ದು ಯಾರು? ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ. ಯಾಕೆಂದರೆ ಮೇಯರ್ ಆಯ್ಕೆಗೆ ಎಂಎಲ್‌ಎ, ಎಂಪಿ, ಎಂಎಲ್‌ಸಿ ಎಲ್ಲರೂ ಬಂದು ಕೈ ಎತ್ತುತ್ತಾರೆ, ಜೆಡಿಎಸ್ ಜೊತೆ ಸೇರಿತು, ಮುಗೀತು. ಜನ ಕ್ಯೂ ನಿಂತು ಹಾಕಿದ್ದಕ್ಕೆ ಏನು ಅರ್ಥ ಉಳಿಯಿತು? ಆಮೇಲೆ ವರ್ಷಕ್ಕೊಬ್ಬ ಮೇಯರ್. ಹೆಸರು ಕಲಿಯೋ ಹೊತ್ತಿಗೆ ಇಳಿದಿರುತ್ತಿದ್ದರು.

ನನ್ನ ಮಟ್ಟಿಗೆ ಕಾರ್ಪೊರೇಟರ್‌ಗಳ ಬದಲು ಸರ್ಕಾರ ಕೂರಿಸೋ ಆಡಳಿತಾಧಿಕಾರಿ ಇದ್ದರೇ ವಾಸಿ. ಕೊನೆಗೆ ಒಬ್ಬ ಐಎಎಸ್ ಆಫೀಸರ್ ಫೈಲ್ ಓದ್ತಾನೆ. ಊರಿನ ವೋಟು ಊರಲ್ಲೇ ಇರಲಿ ರೀ, ಹಬ್ಬಕ್ಕೆ ಹೋದ ಹಾಗೂ ಆಗುತ್ತೆ.

ಮೋರಿ_ಪಕ್ಕದ_ಮನೆ:

ಉಳಿದಿದ್ದು ಬರೀ ಮೋರಿ ಅಂತ ಬರೆದಿದ್ದೀರಲ್ಲ, ನನ್ನ ಹೆಸರು ನೋಡಿ, ನಾನು ಅಲ್ಲೇ ಇರೋದು 😀 ಆ 'ಬರೀ ಮೋರಿ' ಬಗ್ಗೆನೇ ಹೇಳ್ತೀನಿ ಕೇಳಿ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಹೂಳೆತ್ತೋಕೆ ಬಂದರು. ಚಪ್ಪಡಿ ಕಲ್ಲುಗಳನ್ನು ಹಾರೆಯಿಂದ ಮೀಟಿ ಎತ್ತಿ ಪಕ್ಕಕ್ಕೆ ಒರಗಿಸಿದರು. ಕಪ್ಪು ಹೂಳು, ಪ್ಲಾಸ್ಟಿಕ್ ಕವರು, ತೆಂಗಿನ ಚಿಪ್ಪು, ಯಾರದೋ ಒಂದು ಚಪ್ಪಲಿ, ಎಲ್ಲ ಎತ್ತಿ ಮೋರಿ ಅಂಚಿಗೇ ಗುಡ್ಡೆ ಹಾಕಿದರು. ಒಣಗಿದ ಮೇಲೆ ಟ್ರ್ಯಾಕ್ಟರ್ ಬಂದು ಒಯ್ಯುತ್ತೆ ಅಂದರು. ಟ್ರ್ಯಾಕ್ಟರ್ ಬರಲಿಲ್ಲ, ಮಳೆ ಬಂತು. ಗುಡ್ಡೆ ಪೂರ್ತಿ ಕರಗಿ ಮತ್ತೆ ಮೋರಿಗೇ ಇಳಿಯಿತು. ಎತ್ತಿದ ಕಲ್ಲು ಎತ್ತಿದ ಹಾಗೇ ಇತ್ತು, ನಾಲ್ಕಡಿ ಬಾಯಿ ಬಿಟ್ಟುಕೊಂಡು, ಸರಿಯಾಗಿ ನಮ್ಮ ಗೇಟಿನ ಮುಂದೆ. ಎದುರು ಮನೆ ಅಜ್ಜಿ ಕೋಲು ಹಿಡಿದು ನಡೆಯೋರು. ಅವರ ಮಗ ಹಳೇ ಮಂಚದ ಹಲಗೆ ತಂದು ಮುಚ್ಚಿ ಮೇಲೆ ಒಂದು ಕೆಂಪು ಬಟ್ಟೆ ಕಟ್ಟಿದ.

ಆ್ಯಪ್‌ನಲ್ಲಿ ದೂರು ಕೊಟ್ಟೆವು. 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು, ಅದಕ್ಕೆ ಯಾವುದೋ ಬೇರೆ ರಸ್ತೆಯ ಫೋಟೋ. ಇಂಜಿನಿಯರ್‌ಗೆ ಫೋನ್ ಮಾಡಿದರೆ ಅದು ಮಳೆನೀರು ಮೋರಿ, ಬೇರೆ ವಿಭಾಗ ಅಂದರು. ಆ ವಿಭಾಗದವರು ಒಳಚರಂಡಿ ನೀರು ಸೇರಿದೆ, ಅದು ನಮ್ಮದಲ್ಲ ಅಂದರು. ಮೂರನೆಯವರು ಫೋನೇ ಎತ್ತಲಿಲ್ಲ. ಎಂಎಲ್‌ಎ ಆಫೀಸಿಗೆ ಹೋದೆವು, ಅಲ್ಲಿ ಹುಡುಗ ನೋಟ್‌ಬುಕ್ಕಿನಲ್ಲಿ ಬರ್ಕೊಂಡ, ಒಳ್ಳೆ ಹುಡುಗ, ಟೀ ಕೂಡ ಕೊಟ್ಟ. ಆದರೆ ಒಬ್ಬ ಎಂಎಲ್‌ಎ ಕ್ಷೇತ್ರದಲ್ಲಿ ಇಂಥ ಮೋರಿ ಎಷ್ಟಿವೆ ಹೇಳಿ? ಅವರ ಕೆಲಸವೂ ಅದಲ್ಲ.

ಹಿಂದೆ ನಮ್ಮ ಕಾರ್ಪೊರೇಟರ್ ಏನು ಮಹಾ ಸಾಧ್ವಿ ಅಲ್ಲ. ಮೊದಮೊದಲು ಫೋನ್ ಮಾಡಿದರೆ ಅವರ ಯಜಮಾನರೇ ಎತ್ತಿ "ಮೇಡಂ ಪೂಜೆಯಲ್ಲಿದ್ದಾರೆ" ಅನ್ನೋರು. ಅರ್ಧ ಸೀಟು ಹೆಂಗಸರಿಗೆ ಅಂತ ಮೀಸಲಾದರೂ ಎಷ್ಟೋ ಕಡೆ ಗಂಡನೇ ದರ್ಬಾರು ಮಾಡ್ತಿದ್ದ, ಇಲ್ಲ ಅನ್ನಲ್ಲ. ಆದರೆ ಆಮೇಲಾಮೇಲೆ ಅವರೇ ಬೀದಿಗೆ ಬರೋಕೆ ಶುರು ಮಾಡಿದರು. ಯಾಕೆ ಗೊತ್ತಾ? ಅವರ ಮನೆ ಎರಡು ಬೀದಿ ಆಚೆ. ನಾವು ಐದಾರು ಹೆಂಗಸರು ಬೆಳಗ್ಗೆ ಹಾಲು ತರೋ ಹೊತ್ತಿಗೆ ಗೇಟ್ ಮುಂದೆ ನಿಂತರೆ ಆ ಅಮ್ಮ ಓಡಿಹೋಗೋದಾದರೂ ಎಲ್ಲಿಗೆ? ನೈಟಿ ಮೇಲೆ ಟವೆಲ್ ಹೊದ್ದುಕೊಂಡೇ ಹೊರಗೆ ಬಂದು ಇಂಜಿನಿಯರ್‌ಗೆ ಬೈದು ಫೋನ್ ಮಾಡೋರು. ಮಧ್ಯಾಹ್ನಕ್ಕೆ ಕಲ್ಲು ಮುಚ್ಚಿರುತ್ತಿತ್ತು. ಐಎಎಸ್ ಆಫೀಸರ್ ಫೈಲ್ ಓದ್ತಾರೆ ನಿಜ. ಅವರ ಗೇಟ್ ಎಲ್ಲಿದೆ?

ಸುಮ್ನೆ_ಹೇಳ್ದೆ:

ಅಕ್ಕ, ಗೇಟ್ ಮಾತಿಗೆ ನಾನು ಸೋತೆ. ಆದರೂ ಟವೆಲ್ ಹೊದ್ದುಕೊಂಡು ಬೈಯೋದನ್ನೇ ಆಡಳಿತ ಅಂತ ಕರೆಯೋದಾದರೆ ಕಷ್ಟ.

ಹಳೇ_ಬೂತ್_ಏಜೆಂಟ್:

ಬೈಯೋದಷ್ಟೇ ಅಲ್ಲ ಮಾರಾಯರೇ, ದುಡ್ಡಿನ ವಿಷಯ ಇದೆ. ಅದನ್ನು ಯಾರೂ ಮಾತಾಡಲ್ಲ.

ಪಾಲಿಕೆ ಬಜೆಟ್ ಅಂದರೆ ಕೌನ್ಸಿಲ್‌ನಲ್ಲಿ ಮಂಡಿಸಬೇಕು, ವಾರ್ಡ್‌ವಾರು ಗಲಾಟೆ ಆಗಬೇಕು, ನಮ್ಮ ವಾರ್ಡಿಗೆ ಯಾಕೆ ಕಮ್ಮಿ ಅಂತ ಮೈಕ್ ಕಿತ್ತುಕೊಳ್ಳಬೇಕು. ಟೀವಿಯಲ್ಲಿ ನೋಡೋಕೆ ಅಸಹ್ಯ, ಆದರೆ ಆ ಗಲಾಟೆಯಲ್ಲೇ ಎಷ್ಟೋ ಹುಳುಕು ಹೊರಗೆ ಬೀಳುತ್ತಿತ್ತು. ಕೌನ್ಸಿಲ್ ಇಲ್ಲದ ಈ ವರ್ಷಗಳಲ್ಲಿ ಅಧಿಕಾರಿಗಳೇ ಬರೆದು ಅಧಿಕಾರಿಗಳೇ ಒಪ್ಪಿಕೊಂಡ ಬಜೆಟ್‌ಗಳು. 2022ರಲ್ಲಂತೂ ಮಾರ್ಚ್ 31ರ ರಾತ್ರಿ, ಊರು ಮಲಗೋ ಹೊತ್ತಿಗೆ, 10 ಸಾವಿರ ಕೋಟಿಗೂ ಜಾಸ್ತಿ ಮೊತ್ತದ ಬಜೆಟ್ಟನ್ನು ವೆಬ್‌ಸೈಟಿಗೆ ಹಾಕಿದರು. 2025-26ಕ್ಕೆ ಅದು 19 ಸಾವಿರ ಕೋಟಿ ದಾಟಿತು. ಅಷ್ಟು ದುಡ್ಡಿನ ಮೇಲೆ ನಾವು ಆರಿಸಿದ ಒಬ್ಬನೇ ಒಬ್ಬ ಕಾರ್ಪೊರೇಟರ್ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಕೇಳೋಕೆ ಇರಲೇ ಇಲ್ಲ.

ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಬಂತಲ್ಲ 2025ರ ಏಪ್ರಿಲ್‌ನಿಂದ? ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ಶುಲ್ಕ ಸರಿಯೋ ತಪ್ಪೋ ಅನ್ನೋದು ಬೇರೆ, ನನಗೆ ಕೇಳಿದರೆ ಕಸ ಎತ್ತೋಕೆ ದುಡ್ಡು ಬೇಕೇ ಬೇಕು. ಆದರೆ ಕೌನ್ಸಿಲ್ ಇದ್ದಿದ್ದರೆ ಇದು ಇಷ್ಟು ಸಲೀಸಾಗಿ ಪಾಸಾಗುತ್ತಿತ್ತಾ? ಮುಂದಿನ ಚುನಾವಣೆಗೆ ಹೆದರೋ 198 ಜನ ಕೂತಿರುತ್ತಿದ್ದರು. ಮನೆ ಮಾಲೀಕರು ಅದನ್ನು ಬಾಡಿಗೆಗೆ ಸೇರಿಸಿದ್ದಾರಾ ಇಲ್ವಾ, ಬಾಡಿಗೆ_ಮನೆಯವ ಅವರೇ ನೋಡಿಕೊಳ್ಳಲಿ.

ಮತ್ತೆ ಈ ಚುನಾವಣೆ ಮುಂದಕ್ಕೆ ಹೋಗಿದ್ದು ಯಾರಿಂದ ಅಂದರೆ ಎಲ್ಲರಿಂದ. ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10. ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ, 243-ಯು ವಿಧಿ. ಆಗ ಬಿಜೆಪಿ ಸರ್ಕಾರ. ವಾರ್ಡ್ 198 ಸಾಲದು, 243 ಮಾಡ್ತೀವಿ ಅಂದರು. ಆರು ವಾರದಲ್ಲಿ ವೇಳಾಪಟ್ಟಿ ಹೊರಡಿಸಿ ಅಂತ ಹೈಕೋರ್ಟ್ ಹೇಳಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂತು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿ ತಕರಾರು, ಪಟ್ಟಿ ಬಂತು, ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ 2023, ಕಾಂಗ್ರೆಸ್ ಸರ್ಕಾರ. ಅವರು 243 ಬೇಡ, 225 ಅಂದರು. ಆಮೇಲೆ ಅದೂ ಬೇಡ, ಬಿಬಿಎಂಪಿಯೇ ಬೇಡ, ಐದು ಭಾಗ ಮಾಡೋಣ ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯಿತು. ಪಶ್ಚಿಮಕ್ಕೆ 112 ವಾರ್ಡ್, ಪೂರ್ವಕ್ಕೆ 50. ಗೆರೆ ಅಳಿಸಿ ಗೆರೆ ಎಳೆಯೋದರಲ್ಲೇ ಒಂದು ಪೂರ್ತಿ ಅವಧಿ ಕಳೆದುಹೋಯಿತು.

ಇದೇ ಮೊದಲಲ್ಲ ಕೂಡ. 2006ರ ನವೆಂಬರ್‌ನಲ್ಲಿ ಹಳೇ ಪಾಲಿಕೆ ಅವಧಿ ಮುಗಿಯಿತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಜಾಸ್ತಿ ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಚುನಾವಣೆ ಮಾಡಿದ್ದು 2010ರ ಮಾರ್ಚ್‌ನಲ್ಲಿ.

ಎಂಎಲ್‌ಎಗಳಿಗೆ ಇದರಿಂದ ಏನೂ ನಷ್ಟ ಇಲ್ಲ, ಅದನ್ನು ಒಳಗಿದ್ದವನಾಗಿ ಹೇಳ್ತೀನಿ. ಕಾರ್ಪೊರೇಟರ್ ಅಂದರೆ ನಾಳೆ ಟಿಕೆಟ್ ಕೇಳೋ ಗಿರಾಕಿ. ಅವನಿಲ್ಲದಿದ್ದರೆ ಇಂಜಿನಿಯರು, ಕಂಟ್ರಾಕ್ಟರು, ಗಣೇಶನ ಕಮಿಟಿ, ಎಲ್ಲರೂ ನೇರ ಎಂಎಲ್‌ಎ ಮನೆಗೇ ಬರಬೇಕು. ಯಾವ ಪಾರ್ಟಿಯಾದರೂ ಇದು ಒಂದೇ.

ಹುಬ್ಬಳ್ಳಿ_ಮಂದಿ:

ಬೆಂಗಳೂರಿನವರು ಬರೀ ತಮ್ಮದೇ ಗೋಳು ಹೇಳ್ಕೋತೀರಲ್ರೀ. ನಮ್ಮಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ವೋಟ್ ಹಾಕಿದೆವು, 82 ವಾರ್ಡ್. ಗೆದ್ದವರು ಹಾರ ಹಾಕಿಸಿಕೊಂಡರು, ಪಟಾಕಿ ಹೊಡೆದರು. ಮೇಯರ್ ಆಯ್ಕೆ ಆಗಿದ್ದು ಯಾವಾಗ? ಮುಂದಿನ ವರ್ಷ ಮೇ ತಿಂಗಳಲ್ಲಿ! ಅಲ್ಲೀ ತನಕ ಗೆದ್ದವರು ಗೆದ್ದವರೂ ಅಲ್ಲ, ಸೋತವರೂ ಅಲ್ಲ, ಕಾರಿನ ಮೇಲೆ ಬೋರ್ಡ್ ಹಾಕೋದೋ ಬೇಡವೋ ಅಂತ ಕೂತಿದ್ದರು. ಅತ್ತ ಮೈಸೂರಿನಲ್ಲಿ 2023ರ ನವೆಂಬರ್‌ಗೆ ಅವಧಿ ಮುಗೀತು, ಅಲ್ಲೂ ಆಡಳಿತಾಧಿಕಾರಿನೇ.

ಆದರೂ ಕಾರ್ಪೊರೇಟರ್ ಇರಬೇಕ್ರೀ. ನಮ್ಮ ಕಡೆ ನೀರು ದಿನಾ ಬರೋದಿಲ್ಲ. ನೀರು ಬಿಡೋದು ಬೇರೆಯವರೇ, ನಿಜ. ಆದರೆ ನಾಳೆ ಬರುತ್ತೋ ನಾಡಿದ್ದೋ ಅಂತ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಆರಕ್ಕೆ ಹೇಳೋನು ಅವನೇ. ಸುಳ್ಳು ಹೇಳಿದರೆ ಸಂಜೆ ಮಂದಿ ಖಾಲಿ ಕೊಡ ತಗೊಂಡು ಅವನ ಅಂಗಡಿ ಮುಂದೆ ಇರ್ತಾರೆ.

ಸುಮ್ನೆ_ಹೇಳ್ದೆ:

ಸರಿಯಪ್ಪ, ಎಲ್ಲರೂ ಸೇರಿ ಒಬ್ಬನ ಮೇಲೆ ಬಿದ್ದರೆ ಹೇಗೆ. ನನ್ನ ತಕರಾರು ಇಷ್ಟೇ, ಇವರು ಬಂದ ತಕ್ಷಣ ಊರು ಸರಿಹೋಗುತ್ತೆ ಅಂತ ಯಾರೂ ಅಂದುಕೊಳ್ಳಬೇಡಿ. ಐದು ಮೇಯರ್, ಐದು ಕಮಿಷನರ್, ಐದು ಬಜೆಟ್. ಪೂರ್ವ ಪಾಲಿಕೆಗೆ ಮಹದೇವಪುರ, ಕೆ.ಆರ್.ಪುರ ಇವೆ, ಐಟಿ ಪಾರ್ಕುಗಳ ತೆರಿಗೆ ಬರುತ್ತೆ. ಹಳೇ ಬಡಾವಣೆಗಳೇ ಜಾಸ್ತಿ ಇರೋ ಪಾಲಿಕೆಗೆ ಎಲ್ಲಿಂದ ಬರುತ್ತೆ? ಮಳೆನೀರಿಗೆ ಪಾಲಿಕೆ ಗಡಿ ಗೊತ್ತಿಲ್ಲ, ರಾಜಕಾಲುವೆ ಒಂದು ಪಾಲಿಕೆಯಲ್ಲಿ ಹುಟ್ಟಿ ಇನ್ನೊಂದರ ಕೆರೆಗೆ ಬೀಳುತ್ತದೆ. ಆಗ ಯಾರ ಗೇಟ್ ಮುಂದೆ ನಿಲ್ತೀರಿ ಅಕ್ಕ?

ಮೋರಿ_ಪಕ್ಕದ_ಮನೆ:

ಮೊದಲು ನಮ್ಮ ಬೀದಿಯವರ ಗೇಟು. ಅವರು ಪಕ್ಕದವರ ಗೇಟಿಗೆ ಹೋಗಲಿ, ಅದಕ್ಕೇ ತಾನೇ ಆರಿಸಿ ಕಳಿಸೋದು.

ಅಂದಹಾಗೆ ವಾರ್ಡ್ ಕಮಿಟಿ ಅಂತ ಒಂದಿದೆ, ಯಾರೂ ಅದರ ಮಾತೇ ಎತ್ತಲಿಲ್ಲ. ತಿಂಗಳ ಮೊದಲ ಶನಿವಾರ ಸಭೆ ಅಂತ ಮಾಡಿದ್ದರು. ಕಾರ್ಪೊರೇಟರ್ ಇದ್ದಾಗ ಅವರೇ ಅಧ್ಯಕ್ಷರು. ಆಮೇಲೆ ನೋಡಲ್ ಅಧಿಕಾರಿಗಳು ಬಂದರು, ಕೆಲವು ಕಡೆ ಚೆನ್ನಾಗಿ ನಡೆಯಿತಂತೆ, ನಮ್ಮ ಕಡೆ ಕಾಟಾಚಾರಕ್ಕೆ. ಅಧಿಕಾರಿ ಬರೋರು, ಸಹಿ ಮಾಡಿಸಿಕೊಳ್ಳೋರು, ಮುಂದಿನ ಸಲ ಬೇರೆ ಅಧಿಕಾರಿ ಇರೋರು. ಬಾಡಿಗೆಯವರೂ ಹೋಗಿ ಕೂರಬಹುದು. ಮನೆ ಸ್ವಂತದ್ದಾ ಅಂತ ಅಲ್ಲಿ ಯಾರೂ ಕೇಳಲ್ಲ.

ಬಾಡಿಗೆ_ಮನೆಯವ:

ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಹೌದು, ಕಸದ ದುಡ್ಡು ಅಂತ ಮಾಲೀಕರು ಜೂನ್‌ನಿಂದಲೇ 150 ಜಾಸ್ತಿ ತಗೋತಿದ್ದಾರೆ, ಅದು ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು. ಅವರ ಕಟ್ಟಡದ ಅಳತೆ ಎಷ್ಟು ಅಂತ ಸ್ವಲ್ಪ ನೋಡಬೇಕು.

ವೋಟು ಬದಲಾಯಿಸ್ತೀನಿ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಪಂಚಾಯ್ತಿ ಮುಗಿಸಿಕೊಂಡು ಬದಲಾಯಿಸು, ನಿನ್ನ ಚಿಕ್ಕಪ್ಪನ ಮಗ ನಿಲ್ತಾನಂತೆ" ಅಂದರು. ಪಂಚಾಯ್ತಿಯದು ಮೊದಲಾಗುತ್ತೋ ಇಲ್ಲಿಯದು ಮೊದಲಾಗುತ್ತೋ ಯಾರಿಗೆ ಗೊತ್ತು. ಹೆಂಡತಿ ಅಂತೂ ತನ್ನದು ನಾಳೆನೇ ಹಾಕ್ತಾಳಂತೆ, ನನಗೆ ಕಾಯಲ್ಲ ಅಂತ ಹೇಳಿಯಾಯ್ತು. ಯಾವ ಫಾರಂ? ರೆಂಟ್ ಅಗ್ರಿಮೆಂಟ್ ಸಾಕಾ?

ಹಳೇ_ಬೂತ್_ಏಜೆಂಟ್:

ಫಾರಂ 8. ಫಾರಂ 6 ಹಾಕಬೇಡಿ, ಅದು ಹೊಸಬರಿಗೆ, ಅದನ್ನು ಹಾಕಿದರೆ ಊರಲ್ಲೂ ಹೆಸರು ಉಳಿದು ಇಲ್ಲೂ ಬಂದು ತಲೆನೋವು. ಎಂಟರಲ್ಲಿ ವಿಳಾಸ ಬದಲಾವಣೆ ಅಂತ ಆರಿಸಿ, ಹಳೇ ಗುರುತಿನ ಚೀಟಿ ನಂಬರ್ ಹಾಕಿ. ಆನ್‌ಲೈನ್‌ನಲ್ಲೇ ಆಗುತ್ತೆ. ರೆಂಟ್ ಅಗ್ರಿಮೆಂಟ್ ನೋಂದಣಿ ಆಗಿದ್ದರೆ ಮಾತ್ರ ನಡೆಯುತ್ತೆ, ಬರೀ ಛಾಪಾ ಕಾಗದದ ಮೇಲೆ ಬರೆದಿದ್ದು ಬೇಡ. ಆಧಾರ್‌ನಲ್ಲಿ ಇಲ್ಲಿಯ ವಿಳಾಸ ಇದೆ ಅಂದಿರಲ್ಲ, ಅದೇ ಸಾಕು. ಗ್ಯಾಸ್ ಬಿಲ್ಲೂ ಆಗುತ್ತೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆ ನೋಡೋಕೆ ಬರಬಹುದು, ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿಡಿ, ಇಲ್ಲಾಂದ್ರೆ ಕೆಲವರು ಬಾಡಿಗೆಯವರು ಯಾರೂ ಇಲ್ಲ ಅಂತ ಹೇಳಿ ಕಳಿಸಿಬಿಡ್ತಾರೆ.

ಹೆಸರು ಬಂದಮೇಲೆ ಮತದಾರರ ಪಟ್ಟಿಯ ಭಾಗ ಸಂಖ್ಯೆ, ವಾರ್ಡ್ ಹೆಸರು ಎರಡೂ ನೋಡಿಕೊಳ್ಳಿ. ವಾರ್ಡ್ ಗೆರೆ ಎಲ್ಲ ಹೊಸದು. ರಸ್ತೆಯ ಈ ಸಾಲು ಒಂದು ವಾರ್ಡ್, ಎದುರು ಸಾಲು ಇನ್ನೊಂದು ವಾರ್ಡ್ ಆಗಿರೋ ಕಡೆಗಳಿವೆ. ಎದುರು ಮನೆಯವರ ಜೊತೆ ಕ್ಯೂ ನಿಂತು, ಒಂದು ಗಂಟೆ ಆದಮೇಲೆ ನಿಮ್ಮ ಬೂತ್ ಇದಲ್ಲ ಅನ್ನಿಸಿಕೊಳ್ಳಬೇಡಿ.